ತೂಕದ ಯಂತ್ರ ಹೇಳದ ಲೆಕ್ಕ

ಬೈಂದೂರು, ಕುಂದಾಪುರ, ಬ್ರಹ್ಮಾವರದ ಕಡೆಯಿಂದ ಕ್ಯಾನ್ಸರ್ ಚಿಕಿತ್ಸೆಗೆಂದು ಮಣಿಪಾಲದ ಬಸ್ಸು ಹತ್ತುವವರು ಅಲ್ಲಿ ಮೊದಲು ಹತ್ತುವುದು ತೂಕದ ಯಂತ್ರವನ್ನು. ಅನೇಕ ಕಿಮೋ ಮದ್ದುಗಳ ಪ್ರಮಾಣ ನಿಗದಿಯಾಗುವುದೇ ಎತ್ತರ, ತೂಕದ ಲೆಕ್ಕದಲ್ಲಿ. ಊರಿಗೆ ಮರಳಿದರೆ ಎದುರು ಸಿಕ್ಕವರ ಮಾತು: "ಹ್ವಾಯ್, ಸಪೂರ ಆಯ್ರಿ ಅಲ್ದೆ?" ಮೊದಲು ದಪ್ಪಗಿದ್ದವರು ಇದನ್ನು ಹೊಗಳಿಕೆ ಎಂದೇ ಎಣಿಸುವುದುಂಟು.

ಎಣಿಸುವ ಮುಂಚೆ ಆ ಯಂತ್ರದ ಒಳಗೊಮ್ಮೆ ನೋಡಬೇಕು. ಅಲ್ಲಿರುವುದು ಲೋಡ್ ಸೆಲ್ ಎಂಬ ಲೋಹದ ತುಂಡು. ಅದರ ಮೈಗೆ ತೆಳುವಾದ ಲೋಹದ ಎಳೆ ಅಂಟಿಸಿರುತ್ತಾರೆ. ನಾವು ನಿಂತಾಗ ತುಂಡು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಎಳೆ ಹಿಗ್ಗುತ್ತದೆ, ಅದರಲ್ಲಿ ಹರಿಯುವ ವಿದ್ಯುತ್ತಿಗೆ ತಡೆ ಹೆಚ್ಚುತ್ತದೆ. ಆ ವ್ಯತ್ಯಾಸವೇ ಕಿಲೋ ಆಗಿ ಮೂಡುತ್ತದೆ. ಕರಗಿದ್ದು ಕೊಬ್ಬೋ ಸ್ನಾಯುವೋ, ಏರಿದ್ದು ಮಾಂಸವೋ ಕಾಲಿಗಿಳಿದ ನೀರೋ, ಅದಕ್ಕೆ ಗೊತ್ತಾಗದು. ಪಾದದ ಮೂಲಕ ಸಣ್ಣ ವಿದ್ಯುತ್ ಹರಿಸಿ ಕೊಬ್ಬಿನ ಪ್ರಮಾಣ ಹೇಳುವ ಯಂತ್ರಗಳೂ ಬಂದಿವೆ. ಮೈಯಲ್ಲಿ ನೀರು ತುಂಬಿಕೊಂಡವರ ವಿಷಯದಲ್ಲಿ ಅವೂ ಎಡವುತ್ತವೆ. ಪೇಸ್‌ಮೇಕರ್ ಇದ್ದವರಂತೂ ಅವನ್ನು ಹತ್ತಲೇಬಾರದು.

ನಿಜ ಬಯಲು ಮಾಡುವುದು ಸಿ.ಟಿ. ಸ್ಕ್ಯಾನ್. ಗಡ್ಡೆ ನೋಡಲು ತೆಗೆದ ಚಿತ್ರದಲ್ಲೇ ಸೊಂಟದ ಮೂರನೆಯ ಮಣಿಯ ಮಟ್ಟದ ಒಂದು ಪದರ ಸಾಕು, ಸ್ನಾಯು ಎಷ್ಟು, ಕೊಬ್ಬು ಎಷ್ಟು ಎಂದು ಅಳೆಯಬಹುದು. ಕೆನಡಾದ ಆಲ್ಬರ್ಟಾದಲ್ಲಿ ಬೊಜ್ಜಿದ್ದ 250 ಕ್ಯಾನ್ಸರ್ ರೋಗಿಗಳನ್ನು ಹೀಗೆ ಅಳೆದ ವರದಿ 2008ರಲ್ಲಿ ಬಂತು. 38 ಜನರಲ್ಲಿ ಕೊಬ್ಬಿನಡಿ ಸ್ನಾಯು ಸವೆದುಹೋಗಿತ್ತು. ಉಳಿದವರಿಗಿಂತ ಅವರ ಆಯುಷ್ಯ ಗಿಡ್ಡವಾಗಿತ್ತು.

ಹಾಗೆಂದು ಬೊಜ್ಜು ನಿರಪಾಯವಲ್ಲ. ಕನಿಷ್ಠ 13 ಬಗೆಯ ಕ್ಯಾನ್ಸರಿಗೆ ಅದರ ನಂಟಿದೆ. ಆದರೆ ಕಾಯಿಲೆ ಬಂದ ಮೇಲೆ ತೂಕ ಇಳಿಸಿದರೆ ಆಯುಷ್ಯ ಹೆಚ್ಚುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇನ್ನೂ ಸಾಲದು. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು 2025ರ ಚಾಲೆಂಜ್ ಅಧ್ಯಯನ. ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ಕಿಮೋ ಮುಗಿಸಿದ 889 ಜನರಲ್ಲಿ ಅರ್ಧದಷ್ಟು ಮಂದಿಗೆ ಮೂರು ವರ್ಷ ತರಬೇತುದಾರರ ನಿಗಾದಲ್ಲಿ ವ್ಯಾಯಾಮ ಮಾಡಿಸಿದರು. ಎಂಟು ವರ್ಷದ ಲೆಕ್ಕಕ್ಕೆ ಅವರಲ್ಲಿ ಶೇ. 90 ಮಂದಿ ಬದುಕಿದ್ದರು, ಬರೀ ಕೈಪಿಡಿ ಪಡೆದವರಲ್ಲಿ ಶೇ. 83. ತೂಕದಲ್ಲಾಗಲಿ ಸೊಂಟದ ಸುತ್ತಳತೆಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ!

ಆದ್ದರಿಂದ ತೂಕ ಇಳಿಸುವ ಹಟದಲ್ಲಿ ಮೀನು, ಮೊಟ್ಟೆ ಬಿಟ್ಟು ಕುಚಲಕ್ಕಿ ಗಂಜಿ, ಉಪ್ಪಿನಕಾಯಿಯಲ್ಲೇ ದಿನ ದೂಡುವುದು ಬೇಡ. ಸ್ನಾಯುವಿಗೆ ಪ್ರೋಟೀನ್ ಬೇಕು. ಮೀನು ತಿನ್ನದವರಿಗೆ ಹುರುಳಿ, ಹೆಸರು, ಮೊಸರು ಇದೆ. ವೈದ್ಯರು ಒಪ್ಪಿದರೆ ನಡಿಗೆಯೂ ಇರಲಿ. ತೂಕವನ್ನು ತಾರೀಕು ಸಮೇತ ಬರೆದಿಡಿ. 80 ಕೆ.ಜಿ. ಇದ್ದವರು ಆರು ತಿಂಗಳೊಳಗೆ, ಪ್ರಯತ್ನವಿಲ್ಲದೆ, 4 ಕೆ.ಜಿ.ಗಿಂತ ಹೆಚ್ಚು ಇಳಿದರೆ ಮುಂದಿನ ತಪಾಸಣೆಯವರೆಗೆ ಕಾಯದೆ ವೈದ್ಯರನ್ನು ಕಾಣಿ.