ದಾಖಲಾತಿ ಪುಸ್ತಕದಲ್ಲಿ ಗಡಿನಾಡ ಕನ್ನಡ

ಇಂದು ಆಂಧ್ರಪ್ರದೇಶದಲ್ಲಿರುವ ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾಗುವವರೆಗೂ ಬಳ್ಳಾರಿ ಜಿಲ್ಲೆಯಲ್ಲಿತ್ತು. ಬಹುಪಾಲು ತುಮಕೂರು ಜಿಲ್ಲೆಯಿಂದ ಸುತ್ತುವರಿದಿರುವ ಮಡಕಶಿರಾ ಆಗಲೇ ಅನಂತಪುರ ಜಿಲ್ಲೆಗೆ ಸೇರಿದ್ದು, 2022ರ ಏಪ್ರಿಲ್‌ನಲ್ಲಿ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಈ ಮಡಕಶಿರಾ ಸೀಮೆಯಲ್ಲೇ ಇರುವುದರಿಂದ ಇಲ್ಲಿನ ಕನ್ನಡ ವಲಸೆ ಬಂದವರ ಭಾಷೆಯಲ್ಲವೆಂಬುದನ್ನು ಬೇರೆಯಾಗಿ ಸಾಧಿಸಬೇಕಿಲ್ಲ.

ಕರ್ನಾಟಕದಲ್ಲಿ ಪ್ರೌಢಶಾಲೆ ಎಂಟನೆಯ ತರಗತಿಯಿಂದ ಆರಂಭವಾದರೆ ಆಂಧ್ರದಲ್ಲಿ ಆರನೆಯದರಿಂದಲೇ ಆರಂಭವಾಗುತ್ತದೆ. ಹೀಗಾಗಿ ಈ ಗಡಿ ತಾಲ್ಲೂಕುಗಳಲ್ಲಿ ಐದನೆಯ ತರಗತಿ ಮುಗಿಸಿದ ಹಳ್ಳಿಯ ಮಕ್ಕಳು ಪಟ್ಟಣದ ದೊಡ್ಡ ಸರ್ಕಾರಿ ಶಾಲೆಗೆ ಬಂದು ಸೇರುವ ಹೊತ್ತಿಗೆ ಮಾಧ್ಯಮದ, ಎಂದರೆ ಪಾಠ ಯಾವ ಭಾಷೆಯಲ್ಲಿ ನಡೆಯಬೇಕೆಂಬುದರ, ಆಯ್ಕೆಯೂ ಎದುರಾಗುತ್ತದೆ. ದಾಖಲಾತಿಯ ಲೆಕ್ಕದಲ್ಲಿ ಮಗುವಿನ ಮಾತೃಭಾಷೆ ಮತ್ತು ಕಲಿಕೆಯ ಮಾಧ್ಯಮ ಎರಡು ಬೇರೆ ಅಂಕಣಗಳು. ಮನೆಯಲ್ಲಿ ಕನ್ನಡವಾಡುವ ಮಗು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದರೆ ಮೊದಲನೆಯದರಲ್ಲಿ ಉಳಿದು ಎರಡನೆಯದರಿಂದ ಮಾಯವಾಗುತ್ತದೆ. ಕನ್ನಡ ವಿಭಾಗದ ಮಕ್ಕಳ ಸಂಖ್ಯೆಯನ್ನೇ ಊರಿನ ಕನ್ನಡಿಗರ ಸಂಖ್ಯೆಯೆಂದು ಓದುವುದು ತಪ್ಪು, ಆದರೆ ಚರ್ಚೆಗಳಲ್ಲಿ ಪದೇ ಪದೇ ಆಗುವುದು ಅದೇ.

ಆ ಎರಡನೆಯ ಅಂಕಣಕ್ಕೆ ಇಷ್ಟು ಮಹತ್ವ ಬಂದಿರುವುದು ನಿಯಮಗಳಿಂದ. ಶಾಲೆಯಲ್ಲಿ 40 ಅಥವಾ ತರಗತಿಯೊಂದರಲ್ಲಿ 10 ಮಕ್ಕಳಿದ್ದರೆ ಮಾತೃಭಾಷೆಯ ಶಿಕ್ಷಕರನ್ನು ನೇಮಿಸಬೇಕೆಂದು ಪ್ರಾಂತಗಳ ಶಿಕ್ಷಣ ಸಚಿವರು 1949ರಲ್ಲಿ ಪ್ರಾಥಮಿಕ ಹಂತಕ್ಕೆ ಒಪ್ಪಿಕೊಂಡಿದ್ದರು; ಪ್ರೌಢಹಂತಕ್ಕೆ ಬಂದಾಗ ಈ ಮಿತಿ ಕೊನೆಯ ನಾಲ್ಕು ತರಗತಿಗಳಲ್ಲಿ ಒಟ್ಟು 60, ಪ್ರತಿ ತರಗತಿಯಲ್ಲಿ 15 ಎಂದಾಯಿತು. 1956ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿಯೂ ಭಾಷಾ ಅಲ್ಪಸಂಖ್ಯಾತರಿಗೆ, ಅಂದರೆ ರಾಜ್ಯದ ಬಹುಸಂಖ್ಯಾತರದ್ದಲ್ಲದ ಭಾಷೆಯನ್ನಾಡುವವರಿಗೆ, ಪ್ರಾಥಮಿಕ ಹಂತದ ಸೌಲಭ್ಯವನ್ನಷ್ಟೇ ಹೇಳುತ್ತದೆ. ಆದ್ದರಿಂದ ಆರನೆಯ ತರಗತಿಯಿಂದ ಮೇಲಕ್ಕೆ ಕನ್ನಡ ವಿಭಾಗದ ಭದ್ರತೆ ತಲೆ ಎಣಿಕೆಯನ್ನೇ ಹೆಚ್ಚು ಅವಲಂಬಿಸಿದೆ: ಮಕ್ಕಳು ಕಡಿಮೆಯಾದಾಗ ಶಿಕ್ಷಕರ ಹುದ್ದೆ ಅಲುಗಾಡುತ್ತದೆ, ಶಿಕ್ಷಕರಿಲ್ಲವೆಂದು ಪಾಲಕರು ಮತ್ತಷ್ಟು ಹಿಂದೆಗೆಯುತ್ತಾರೆ.

ಇದಕ್ಕೆ ಪಾಲಕರನ್ನು ದೂರುವುದು ಸುಲಭ, ನ್ಯಾಯವಲ್ಲ. ಒಂದರಿಂದ ಆರನೆಯ ತರಗತಿಯವರೆಗೆ ಇಂಗ್ಲಿಷ್ ಮಾಧ್ಯಮವೆಂದು ಆಂಧ್ರ ಸರ್ಕಾರ 2019ರ ನವೆಂಬರ್‌ನಲ್ಲಿ ಹೊರಡಿಸಿದ ಆದೇಶವನ್ನು ಹೈಕೋರ್ಟ್ 2020ರ ಏಪ್ರಿಲ್‌ನಲ್ಲಿ ರದ್ದುಮಾಡಿತು. 2022ರಲ್ಲಿ ಮೂರರಿಂದ ಐದನೆಯ ತರಗತಿಗಳನ್ನು ಹತ್ತಿರದ ಪ್ರೌಢಶಾಲೆಗಳಿಗೆ ಸೇರಿಸುವ ಕ್ರಮ ಬಂತು. ಇಷ್ಟು ಬೇಗ ಬೇಗ ನೀತಿ ಬದಲಾಗುವ ಕಡೆ ಮೂರು ವರ್ಷ ಮುಂದಿನದನ್ನು ಊಹಿಸಿ ಮಾಧ್ಯಮ ಆರಿಸುವುದು ಯಾವ ಕೂಲಿಕಾರ ಕುಟುಂಬಕ್ಕೂ ಸುಲಭವಲ್ಲ.

ಕರ್ನಾಟಕ ಮಾತ್ರ ಬೇರೆ ಅಳತೆಗೋಲು ಹಿಡಿದಿದೆ. ವೃತ್ತಿಶಿಕ್ಷಣ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರಿಗಿರುವ ಅವಕಾಶಕ್ಕೆ ಮಾತೃಭಾಷೆಯ ಅಂಕಣ ತೋರಿಸಿದರೆ ಸಾಲದು. ಕನ್ನಡ ಭಾಷಾ ಪರೀಕ್ಷೆಗೂ ಕೂರಬೇಕು.