ಮೋವ್: ಹೂವಿನ ಹೆಸರು, ಟಾರಿನ ಬಣ್ಣ

ಇವತ್ತಿನ ಪದ 'ಮೋವ್'. ಮಾವ ಅಲ್ಲ ರೀ, ಮೋವ್! ಆನ್‌ಲೈನ್‌ನಲ್ಲಿ ಕುರ್ತಾನೋ ಲಿಪ್‌ಸ್ಟಿಕ್ಕೋ ಹುಡುಕುವಾಗ ಬಣ್ಣಗಳ ಪಟ್ಟಿಯಲ್ಲಿ ನೋಡಿರ್ತೀರಿ. ತಿಳಿ ನೇರಳೆ ಅಂದ್ಕೊಳ್ಳಿ.

ಫ್ರೆಂಚ್‌ನಲ್ಲಿ ಮೋವ್ ಅಂದ್ರೆ ನೇರಳೆ ಹೂ ಬಿಡೋ ಒಂದು ಗಿಡ. ಇಂಗ್ಲಿಷರು ಅದನ್ನ ಮ್ಯಾಲೋ ಅಂತಾರೆ. ಎರಡಕ್ಕೂ ಮೂಲ ಲ್ಯಾಟಿನ್‌ನ 'ಮಾಲ್ವ'. ನಮ್ಮ ದಾಸವಾಳ, ಬೆಂಡೆ, ಹತ್ತಿ ಇರೋ ಸಸ್ಯ ಕುಟುಂಬದ ಹೆಸರೂ ಅದರಿಂದಲೇ ಬಂದದ್ದು: ಮಾಲ್ವೇಸಿ.

ಈ ಹೂವಿನ ಹೆಸರು ಇಂಗ್ಲಿಷರ ಬಾಯಲ್ಲಿ ಬಣ್ಣವಾಗಿ ಕೂತಿದ್ದು ಮಲೇರಿಯಾ ದೆಸೆಯಿಂದ. ಭಾರತದಂಥ ವಸಾಹತುಗಳಲ್ಲಿ ಬ್ರಿಟಿಷರಿಗೆ ಕ್ವಿನೈನ್ ಬೇಕೇ ಬೇಕಿತ್ತು. ಅದು ಸಿಂಕೋನಾ ಮರದ ತೊಗಟೆಯಿಂದ ಬರ್ತಿತ್ತು, ದುಬಾರಿ. 1856ರ ಈಸ್ಟರ್ ರಜೆಯಲ್ಲಿ ಲಂಡನ್ನಿನ ವಿಲಿಯಂ ಪರ್ಕಿನ್ ತನ್ನ ಮನೆಯಲ್ಲೇ ಅದನ್ನ ತಯಾರಿಸೋಕೆ ಹೊರಟ. ವಯಸ್ಸು ಬರೀ 18! ಕಲ್ಲಿದ್ದಲ ಟಾರಿನಿಂದ ತೆಗೆದ ಅನಿಲಿನ್ ಬಳಸಿದಾಗ ಸಿಕ್ಕಿದ್ದು ಕಪ್ಪು ಗಸಿ. ಅದನ್ನ ಆಲ್ಕೋಹಾಲ್‌ನಲ್ಲಿ ಕರಗಿಸಿದ್ರೆ ನೇರಳೆ. ರೇಷ್ಮೆ ಬಟ್ಟೆಗೆ ಹಾಕಿದ, ತೊಳೆದ್ರೂ ಹೋಗ್ಲಿಲ್ಲ. ಪೇಟೆಂಟ್ ತಗೊಂಡ, ಕಾರ್ಖಾನೆಯನ್ನೂ ಹಾಕಿದ.

ಅವನು ಮೊದಲು ಇಟ್ಟ ಹೆಸರು ಟೈರಿಯನ್ ಪರ್ಪಲ್. ಹಿಂದೆ ರೋಮನ್ ಚಕ್ರವರ್ತಿಗಳು ಉಡ್ತಿದ್ದ ಬಣ್ಣದ ಹೆಸರು ಅದು. ಆದ್ರೆ ಆಗ ಫ್ಯಾಷನ್ ಅಂದ್ರೆ ಪ್ಯಾರಿಸ್, ಹಾಗಾಗಿ ಫ್ರೆಂಚ್ ಹೆಸರೇ ನಿಂತಿತು. ಆ ಬಣ್ಣದಲ್ಲಿ ಹೂವಿನ ಒಂದು ದಳವೂ ಇರ್ಲಿಲ್ಲ ಅನ್ನೋದು ಬೇರೆ ಮಾತು.

ನನಗೆ ಇನ್ನೂ ಕುತೂಹಲ ಅನ್ಸೋದು ಅನಿಲಿನ್ ಅನ್ನೋ ಪದ. ಮೊಟ್ಟಮೊದಲು ಅದನ್ನ ತೆಗೆದಿದ್ದು ನೀಲಿ ಗಿಡದ ಬಣ್ಣದಿಂದ. ನೀಲಿಗೆ ಪೋರ್ಚುಗೀಸ್‌ನಲ್ಲಿ 'ಅನಿಲ್', ಅದು ಅರಬ್ಬಿಯ 'ಅನ್-ನೀಲ್', ಅದರ ಹಿಂದೆ ಸಂಸ್ಕೃತದ 'ನೀಲ'. ಕನ್ನಡದ ನೀಲಿಯೂ ಅಲ್ಲಿಂದಲೇ ಬಂದದ್ದು.

ಪರ್ಕಿನ್ ತೆರೆದ ದಾರಿಯಲ್ಲೇ ಮುಂದೆ ಹೋದ ಜರ್ಮನಿಯ ಬಿಎಎಸ್ಎಫ್ ಕಂಪನಿ (ಆ ಹೆಸರಲ್ಲಿರೋ 'ಎ' ಅನಿಲಿನ್ನೇ!) 1897ರಲ್ಲಿ ಕೃತಕ ನೀಲಿಯನ್ನ ಮಾರುಕಟ್ಟೆಗೆ ಬಿಡ್ತು. ಬಿಹಾರದಲ್ಲಿ ರೈತರಿಂದ ಒತ್ತಾಯಕ್ಕೆ ಬೆಳೆಸ್ತಿದ್ದ ನೀಲಿಯ ವ್ಯಾಪಾರ ಬಿದ್ದುಹೋಯ್ತು. ಬೆಳೆಯಿಂದ ಬಿಡುಗಡೆ ಸಿಕ್ತು ಅಂತ ರೈತರು ಉಸಿರು ಬಿಡೋ ಹಾಗಿರ್ಲಿಲ್ಲ. ಐರೋಪ್ಯ ತೋಟಗಾರರು ಗೇಣಿ ಏರಿಸಿ ನಷ್ಟವನ್ನ ಅವರ ತಲೆಗೇ ಕಟ್ಟಿದ್ರು. 1917ರಲ್ಲಿ ಗಾಂಧೀಜಿ ಚಂಪಾರಣ್‌ಗೆ ಹೋದಾಗ ಸಾವಿರಾರು ರೈತರು ಬರೆಸಿದ ಹೇಳಿಕೆಗಳಲ್ಲಿ ಈ ಗೇಣಿಯ ದೂರೂ ಇತ್ತು.