ನೆಲಗಟ್ಟಿನ ಸಾಕ್ಷ್ಯ: ನೆಬೊ ಗ್ರಾಮದ ಇಗರ್ಜಿಯೂ ಕಾಸ್ಮಾಸನ ಮಂಗರೂತ್ ಪೇಟೆಯೂ

ಕ್ರಿ.ಶ. ಆರನೆಯ ಶತಮಾನದ ನಡುಭಾಗದಲ್ಲಿ ಅಲೆಕ್ಸಾಂಡ್ರಿಯದ ಕಾಸ್ಮಾಸ್ ಎಂಬ ವರ್ತಕನು ಗ್ರೀಕ್ ಭಾಷೆಯಲ್ಲಿ ‘ಕ್ರೈಸ್ತ ಭೂವಿವರಣೆ’ ಎಂಬ ಗ್ರಂಥವನ್ನು ರಚಿಸಿದನು. ಮೆಣಸು ಬೆಳೆಯುವ ‘ಮಾಲೆ’ ನಾಡಿನ ಐದು ಪೇಟೆಗಳಲ್ಲಿ ‘ಮಂಗರೂತ್’ ಒಂದೆಂದು ಅವನು ಹೇಳುತ್ತಾನೆ. ಇದನ್ನು ವಿದ್ವಾಂಸರು ನಮ್ಮ ಮಂಗಳೂರೆಂದು ಗುರುತಿಸಿದ್ದಾರೆ. ಮಾಲೆಯಲ್ಲಿ ಕ್ರೈಸ್ತರ ‘ಎಕ್ಲೇಸಿಯ’ ಉಂಟೆಂದೂ, ‘ಕಲ್ಲಿಯಾನ’ದಲ್ಲಿ ಪರ್ಶಿಯದಿಂದ ನೇಮಕವಾದ ಬಿಷಪ್ ಇರುವನೆಂದೂ ಅವನೇ ತಿಳಿಸುತ್ತಾನೆ. ಇಷ್ಟನ್ನೇ ಆಧಾರಮಾಡಿಕೊಂಡು ಆ ಕಾಲದ ಮಂಗಳೂರಿನಲ್ಲಿ ಇಗರ್ಜಿಯಿತ್ತೆಂದು ಹೇಳಬಹುದೆ? ಅದೇ ಕಾಲದ ಒಂದು ಹಳ್ಳಿಯ ಇಗರ್ಜಿಯನ್ನು ಎದುರಿಗಿಟ್ಟುಕೊಂಡು ಇದನ್ನು ವಿಚಾರಿಸೋಣ.

ಇಂದಿನ ಜೋರ್ಡನ್ ದೇಶದ ಮಾದಬಾ ಪಟ್ಟಣದ ಸಮೀಪ ಖಿರ್ಬೆತ್ ಅಲ್ ಮುಖಯ್ಯತ್ ಎಂಬ ಸ್ಥಳವಿದೆ. ಬೈಜಾಂಟೈನ್ ಚಕ್ರಾಧಿಪತ್ಯದ ಕಾಲದಲ್ಲಿ ಇದು ನೆಬೊ ಎಂಬ ಗ್ರಾಮವಾಗಿತ್ತು. ಸಂತ ಲೋಟ್ ಮತ್ತು ಸಂತ ಪ್ರೊಕೋಪಿಯಸರ ಇಗರ್ಜಿಯ ಮೊಸಾಯಿಕ್ ನೆಲ ಇಲ್ಲಿ 1913ರಲ್ಲಿ ಬೆಳಕಿಗೆ ಬಂದಿತು. ಇಂತಹ ನೆಲಕ್ಕೆ ಮೊದಲು ಕಲ್ಲು ಹಾಸಿ, ಮೇಲೆ ಸುಣ್ಣದ ಗಾರೆಯ ಪದರಗಳನ್ನು ಹರಡಿ, ಕೊನೆಯ ಪದರ ಹಸಿಯಾಗಿರುವಾಗಲೇ ಬಣ್ಣಬಣ್ಣದ ಕಿರುಗಲ್ಲುಗಳನ್ನು ಒತ್ತಿ ಕೂರಿಸುತ್ತಿದ್ದರು. ಆದುದರಿಂದಲೇ ಮಾಡು ಕುಸಿದರೂ ನೆಲ ಉಳಿಯಬಲ್ಲುದು. ನೆಬೊವಿನ ನೆಲದಲ್ಲಿ ದ್ರಾಕ್ಷಿ ಕೊಯ್ಯುವವರೂ ಅದನ್ನು ತುಳಿದು ರಸ ತೆಗೆಯುವವರೂ ಕಾಣುತ್ತಾರೆ. ಆ ಹಳ್ಳಿಯ ಜೀವನವೇ ಅಲ್ಲಿ ಚಿತ್ರಿತವಾಗಿದೆ.

ಚಿತ್ರಕ್ಕಿಂತಲೂ ಅಮೂಲ್ಯವಾದುದು ಅಲ್ಲಿಯ ಶಾಸನ. ಬಿಷಪ್ ಜಾನನ ಕಾಲದಲ್ಲಿ, ‘ಇಂಡಿಕ್ಷನ್’ ಆವರ್ತದ ಆರನೆಯ ವರ್ಷದ ನವಂಬರಿನಲ್ಲಿ ಕೆಲಸ ಮುಗಿಯಿತೆಂದು ಅದು ಹೇಳುತ್ತದೆ. ಇಂಡಿಕ್ಷನ್ ಎಂಬುದು 15 ವರ್ಷಗಳ ಚಕ್ರ. ನಮ್ಮ ಶಾಸನಗಳಲ್ಲಿ ಸಂವತ್ಸರದ ಹೆಸರು ಮಾತ್ರ ಇದ್ದರೆ, ಅದು 60 ವರ್ಷಕ್ಕೊಮ್ಮೆ ಮರಳಿ ಬರುವುದರಿಂದ, ಅರಸನ ಹೆಸರಿನ ನೆರವಿಲ್ಲದೆ ಕಾಲ ನಿಲ್ಲದು. ಇಲ್ಲಿಯೂ ಹಾಗೆಯೇ, ಬಿಷಪ್ಪನ ಹೆಸರನ್ನು ಕೂಡಿಸಿ ವಿದ್ವಾಂಸರು ಇದನ್ನು ಕ್ರಿ.ಶ. 557 ಎಂದು ನಿರ್ಣಯಿಸಿದ್ದಾರೆ. ಶಾಸನವಿಲ್ಲದ ಕಡೆ, ಒಡೆಯದ ನೆಲಗಟ್ಟಿನ ಅಡಿಯಲ್ಲಿ ದೊರೆತ ನಾಣ್ಯವು ನೆರವಾಗುತ್ತದೆ: ಆ ನಾಣ್ಯ ಅಚ್ಚಾಗುವ ಮೊದಲು ಆ ನೆಲ ಹಾಸಿರಲಾರದು.

ನಮ್ಮ ಕರಾವಳಿಯ ಸ್ಥಿತಿ ಬೇರೆ. ಮರದ ಕಂಬ, ಮಣ್ಣಿನ ಗೋಡೆ, ಸೋಗೆಯ ಮಾಡು ಇವು ಇಲ್ಲಿಯ ಮಳೆಗೆ ಶತಮಾನಗಳ ಕಾಲ ತಡೆಯುವಂಥವಲ್ಲ. ಆದುದರಿಂದ ನೆಲಗಟ್ಟು ಸಿಕ್ಕಿಲ್ಲವೆಂಬುದರಿಂದಲೇ ಇಗರ್ಜಿ ಇರಲಿಲ್ಲವೆಂದು ಹೇಳುವುದು ಸರಿಯಲ್ಲ. ಆದರೆ ಇತ್ತೆಂದು ಹೇಳುವುದಕ್ಕೂ ಕಾಸ್ಮಾಸನ ಮಾತು ಸಾಲದು. ಎಕ್ಲೇಸಿಯ ಶಬ್ದಕ್ಕೆ ಕಟ್ಟಡವೆಂಬ ಅರ್ಥವಿರುವಂತೆ ಭಕ್ತರ ಸಮುದಾಯವೆಂಬ ಅರ್ಥವೂ ಉಂಟು. ಅದು ಮಾಲೆಯ ಯಾವ ಪೇಟೆಯಲ್ಲಿತ್ತೆಂದು ಅವನು ಹೇಳುವುದಿಲ್ಲ. ಕಲ್ಲಿಯಾನವನ್ನು ಕೆಲವರು ಉಡುಪಿಯ ಬಳಿಯ ಕಲ್ಯಾಣಪುರವೆನ್ನುತ್ತಾರೆ. ಆದರೆ ಕಾಸ್ಮಾಸನ ಪಟ್ಟಿ ಸಿಂಧುವಿನಿಂದ ದಕ್ಷಿಣಕ್ಕೆ ಸಾಗುತ್ತದೆ, ಕಲ್ಲಿಯಾನವು ಅದರಲ್ಲಿ ಮಾಲೆಗಿಂತ ಮೊದಲು ಬರುತ್ತದೆ. ಆದುದರಿಂದ ಮುಂಬಯಿಯ ಸಮೀಪದ ಕಲ್ಯಾಣವೇ ಹೆಚ್ಚು ಹೊಂದುವುದೆಂದು ನಮಗೆ ತೋರುತ್ತದೆ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಬೈಜಾಂಟೈನ್ ಚಿನ್ನದ ನಾಣ್ಯಗಳು ದೊರೆತಿವೆ. ಅವು ವ್ಯಾಪಾರಕ್ಕೆ ಸಾಕ್ಷಿಯೇ ಹೊರತು ಧರ್ಮಕ್ಕಲ್ಲ. ಕೇರಳದಲ್ಲಿ ಮಾತ್ರ ಪಹ್ಲವಿ ಬರಹದ ಶಿಲುಬೆಗಳೂ, ಇಗರ್ಜಿಗೆ ದತ್ತಿಯಿತ್ತ 849ರ ಕೊಲ್ಲಂ ತಾಮ್ರಶಾಸನವೂ ಸ್ಪಷ್ಟವಾದ ಆಧಾರಗಳಾಗಿವೆ.

ವಸ್ತುವೇ ತನ್ನ ಕಾಲವನ್ನು ಹೇಳುವ ನಿದರ್ಶನ ಮಂಗಳೂರಿನಲ್ಲಿಯೂ ಇದೆ. ಕದ್ರಿಯ ಲೋಕೇಶ್ವರ ವಿಗ್ರಹದ ಪೀಠದ ಶಾಸನವು ಆಳುಪ ಕುಂದವರ್ಮನನ್ನೂ ಕ್ರಿ.ಶ. 968ನ್ನೂ ಕೊಡುತ್ತದೆಂದು ಸಾಮಾನ್ಯವಾಗಿ ಓದಲಾಗಿದೆ. ಆರನೆಯ ಶತಮಾನದ ಮಂಗರೂತಿಗೆ ಅಂತಹ ಸಾಕ್ಷ್ಯ ಬೇಕಾದರೆ ನೆಲವನ್ನೇ ಕೇಳಬೇಕು. ಕದ್ರಿಯಿಂದ ಬಹುದೂರವಿಲ್ಲದ ಪಂಪ್‌ವೆಲ್‌ನಲ್ಲಿ 2020ರ ಜನವರಿಯಲ್ಲಿ ಮೇಲ್ಸೇತುವೆ ಸಂಚಾರಕ್ಕೆ ತೆರೆಯಿತು. ನಗರದಲ್ಲಿ ತಳಪಾಯಗಳನ್ನು ತೋಡುವ ಕೆಲಸ ನಡೆದೇ ಇದೆ. ಹೀಗೆ ತೋಡಿದ ಮಣ್ಣಿನಲ್ಲಿ ಹಳೆಯ ಮಡಕೆಚೂರೋ ನಾಣ್ಯವೋ ಕಂಡರೆ, ಅದು ಎಷ್ಟು ಆಳದಲ್ಲಿ, ಯಾವ ಪದರದಲ್ಲಿತ್ತೆಂಬುದನ್ನು ಬರೆದಿಟ್ಟು, ಪುರಾತತ್ತ್ವ ಇಲಾಖೆಗೆ ತಿಳಿಸುವುದು ನಮ್ಮ ವಿದ್ಯಾರ್ಥಿಗಳಿಗೆ ಸಾಧ್ಯವಾದ ಕಾರ್ಯ. ಪದರದಿಂದ ಕಿತ್ತು ತಂದ ವಸ್ತು ಅರ್ಧ ಮೂಕವಾಗುತ್ತದೆ. ಅಂತಹ ಸಾಕ್ಷ್ಯ ದೊರೆಯುವವರೆಗೆ ಮಂಗರೂತನ್ನು ಮೆಣಸಿನ ಪೇಟೆಯೆಂದು ಮಾತ್ರ ಕರೆದು ಅಲ್ಲಿಗೆ ನಿಲ್ಲುವುದು ಇತಿಹಾಸಕಾರನ ಧರ್ಮ.